ಎಜಿದಿಯೊನ ವಯಸ್ಸು

ಬ್ರೆಸ್ಸಾನೊ ಮೇಷ್ಟ್ರು ಜೈಲಿನಿಂದ ಬಿಡುಗಡೆಯಾಗಿ ಊರಿಗೆ ಬಂದ ವಾರವೇ ನಾನು ಅವರಿಗೆ ನಮಸ್ಕಾರ ಹೇಳಿಬಿಟ್ಟೆ.

ಬೇಕೆಂದು ಹೇಳಿದ್ದಲ್ಲ. ಬ್ರೆಡ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ, "ಒಟ್ಟಾವಿಯಾ ಅಲ್ವೇ? ಅಮ್ಮ ಹೇಗಿದ್ದಾರಮ್ಮ?" ಅಂದರು. ತಿರುಗಿ ನೋಡುವ ಮೊದಲೇ, ಆ ದನಿ ಕಿವಿಗೆ ಬಿದ್ದ ಕೂಡಲೇ, ನನ್ನ ಬೆನ್ನು ನೆಟ್ಟಗಾಯಿತು. ಬಾಯಿ ತಾನಾಗಿ "ನಮಸ್ಕಾರ ಮೇಷ್ಟ್ರೇ, ಚೆನ್ನಾಗಿದ್ದಾರೆ" ಅಂದಿತು. ಚಿಕ್ಕಂದಿನಲ್ಲಿ ಅವರ ಕ್ಲಾಸಿನಲ್ಲಿ ಕೂತು ಕಲಿತ ಬಾಯಿ ಅದು. ತಿರುಗಿದರೆ ಮೇಷ್ಟ್ರು ಟೋಪಿ ತೆಗೆದು ಮುಗುಳ್ನಗುತ್ತಾ ನಿಂತಿದ್ದರು. ಬಹಳ ಇಳಿದುಹೋಗಿದ್ದರು. ಕೋಟು ಹೆಗಲಿನಿಂದ ಜೋತುಬಿದ್ದಿತ್ತು. ಸಾಲಿನಲ್ಲಿದ್ದವರೆಲ್ಲ ಗೋಡೆ ನೋಡುತ್ತಿದ್ದರು. ನಾನು ಬ್ರೆಡ್ ತಗೊಳ್ಳದೆ ಮನೆಗೆ ಬಂದು ಬಾಯಿ ಮುಕ್ಕಳಿಸಿದೆ. ಅಮ್ಮ, "ಯಾಕೇ, ಏನು ತಿಂದೆ?" ಅಂದಳು. "ಏನೂ ಇಲ್ಲ" ಅಂದೆ.

ಇದು ನಲವತ್ತಾರನೇ ಇಸವಿಯ ಆಗಸ್ಟ್ ತಿಂಗಳ ಮಾತು. ಯುದ್ಧ ಮುಗಿದು ವರ್ಷ ದಾಟಿತ್ತು. ಅದಕ್ಕೂ ಹಿಂದಿನ ಚಳಿಗಾಲದಲ್ಲಿ ನಮ್ಮ ವಾಲ್‌ಮೊರಾದ ಶಾಲೆಯ ಬಾಲ್ಕನಿಯಿಂದ ಜರ್ಮನರು ಎಜಿದಿಯೊನನ್ನು ನೇಣು ಹಾಕಿದ್ದರು. ಎಜಿದಿಯೊ ನಮ್ಮ ತಂಡದವನು. ಹಾಲು ತರಲು ಕೆಳಗಿನ ಹಟ್ಟಿಗೆ ಹೋದವನು ಸಿಕ್ಕಿಬಿದ್ದಿದ್ದ. ಅವತ್ತು ಜರ್ಮನ್ ಅಧಿಕಾರಿಯ ಪಕ್ಕದಲ್ಲಿ ನಿಂತು, ಅವನ ಪ್ರಶ್ನೆಯನ್ನು ಹುಡುಗನಿಗೆ, ಹುಡುಗನ ಉತ್ತರವನ್ನು ಅವನಿಗೆ ತಿರುಗಿಸಿ ಹೇಳುತ್ತಿದ್ದವರು ಬ್ರೆಸ್ಸಾನೊ ಮೇಷ್ಟ್ರು. ಊರಲ್ಲಿ ಜರ್ಮನ್ ಭಾಷೆ ಬರುತ್ತಿದ್ದದ್ದು ಅವರಿಗೊಬ್ಬರಿಗೇ. ಜರ್ಮನರ ಜೊತೆಗಿದ್ದ ಫ್ಯಾಸಿಸ್ಟರ, ಅಂದರೆ ಕಪ್ಪಂಗಿ ಪಕ್ಷದ, ಬಿಲ್ಲೆಯೂ ಅವರ ಕೋಟಿನ ಮೇಲಿತ್ತು. ಯುದ್ಧ ಮುಗಿದ ಮೇಲೆ ಕೋರ್ಟು ಅವರನ್ನು ಜೈಲಿಗೆ ಕಳಿಸಿತು. ಆ ವರ್ಷದ ಜೂನ್‌ನಲ್ಲಿ ಸರ್ಕಾರ ಕ್ಷಮಾದಾನದ ಕಾಯ್ದೆ ತಂದಿತು, ಅವರು ಮನೆಗೆ ಬಂದರು. ಅಕ್ಟೋಬರಿನಲ್ಲಿ ಶಾಲೆ ತೆರೆದಾಗ ಮತ್ತೆ ಅವರೇ ಮೇಷ್ಟ್ರು ಅನ್ನುವುದೂ ಆಗಲೇ ಊರಿಗೆಲ್ಲ ಗೊತ್ತಾಗಿತ್ತು.

ನಾವು ಅಂದರೆ ಗುಡ್ಡದವರು. ಜನ ನಮ್ಮನ್ನು ಹಾಗೇ ಕರೆಯುತ್ತಿದ್ದರು. ಕಪ್ಪಂಗಿಯವರ ಸೈನ್ಯಕ್ಕೆ ಸೇರಲು ಒಪ್ಪದ ಹುಡುಗರು ಮೊದಲು ಗುಡ್ಡಕ್ಕೆ ಓಡಿಹೋದರು. ಅವರಿಗೆ ಸುದ್ದಿ, ಔಷಧಿ, ಉಪ್ಪು ಒಯ್ಯುತ್ತಾ ಒಯ್ಯುತ್ತಾ ಒಂದು ದಿನ ನಾನೂ ಅಲ್ಲೇ ಉಳಿದುಬಿಟ್ಟೆ. ಸಿಕ್ಕಿಬಿದ್ದರೆ ಮನೆಯವರಿಗೆ ತೊಂದರೆಯಾಗಬಾರದೆಂದು ಎಲ್ಲರೂ ಬೇರೆ ಹೆಸರು ಇಟ್ಟುಕೊಂಡಿದ್ದೆವು. ನಾನು ಅಳಿಲು. ನಮ್ಮ ನಾಯಕ ಇಲಾರಿಯೊ ಗಿಡುಗ. ಕ್ಷೌರದಂಗಡಿಯ ರೆಮಿಜಿಯೊ ಬಿಷಪ್, ಯಾಕೆಂದರೆ ಎಂಥ ಹಸಿವಿನಲ್ಲೂ ಅವನ ಹೊಟ್ಟೆ ಕರಗಲಿಲ್ಲ.

ಇಲಾರಿಯೊ ನನಗಿಂತ ಒಂದು ವರ್ಷ ದೊಡ್ಡವನು, ಅಷ್ಟೇ. ಕಮ್ಮಾರಸಾಲೆಯಲ್ಲಿ ತಿದಿ ಒತ್ತುತ್ತಿದ್ದವನು. ಗುಡ್ಡದಲ್ಲಿ ನಮ್ಮೆಲ್ಲರ ಜೀವ ಅವನ ಒಂದು ಮಾತಿನ ಮೇಲೆ ನಿಂತಿರುತ್ತಿತ್ತು. ಹಿಮ ಸುರಿಯುವ ಬೆಳಗ್ಗೆ ಕಣಿವೆಯಲ್ಲಿ ಲಾರಿಗಳ ಸದ್ದು ಕೇಳಿದರೆ ಅವನು ಒಂದು ಸಲ ಸುತ್ತ ನೋಡಿ "ಈ ಕಡೆ" ಅನ್ನುತ್ತಿದ್ದ. ನಾವು ಈ ಕಡೆ ಓಡುತ್ತಿದ್ದೆವು, ಉಳಿಯುತ್ತಿದ್ದೆವು. ಯುದ್ಧ ಮುಗಿದಾಗ ಅವನನ್ನು ತಾತ್ಕಾಲಿಕ ಪೊಲೀಸ್ ಎಂದು ತಗೊಂಡರು. ಕೆಲವು ತಿಂಗಳಾದ ಮೇಲೆ ಐದನೇ ಕ್ಲಾಸು ಪಾಸಾಗಿಲ್ಲ ಎಂದು ತೆಗೆದುಹಾಕಿದರು. ಮತ್ತೆ ಅದೇ ಕಮ್ಮಾರಸಾಲೆಗೆ ಹೋದ. ಯಜಮಾನ "ಆ ಸುತ್ತಿಗೆ ಕೊಡೋ" ಅಂದರೆ ಯಾವ ಸುತ್ತಿಗೆ ಎಂದು ತಿಳಿಯದೆ ಕೈ ಜೋತುಬಿಟ್ಟು ನಿಂತುಬಿಡುತ್ತಿದ್ದನಂತೆ. ಒಮ್ಮೆ ಸಂತೆಯಲ್ಲಿ ನಾನೇ ನೋಡಿದೆ. ಎರಡು ಜೊತೆ ಕಾಲುಚೀಲ ಕೈಯಲ್ಲಿ ಹಿಡಿದು, ಕಂದೋ ಕಪ್ಪೋ ಎಂದು ತೀರ್ಮಾನಿಸಲಾರದೆ ಬೆವರುತ್ತಿದ್ದ. ನನ್ನನ್ನು ಕಂಡು, "ನೀನೇ ಹೇಳು ಅಳಿಲು" ಅಂದ. ನಾನು ಕಂದು ಅಂದೆ. ದೊಡ್ಡ ಭಾರ ಇಳಿದವನ ಹಾಗೆ ಉಸಿರುಬಿಟ್ಟ.

ರೆಮಿಜಿಯೊ ತಮಾಷೆ ಮಾಡಿಕೊಂಡು ದಿನ ನೂಕುತ್ತಿದ್ದ. "ಈಗ ಕಪ್ಪಂಗಿಯವರಿಗೆಲ್ಲ ನಾನೇ ಕ್ಷೌರ ಮಾಡೋದು ಕಣೇ. ಕತ್ತಿ ನನ್ನ ಕೈಲಿ, ಕುತ್ತಿಗೆ ಅವರದು. ಹೋದ ವರ್ಷ ಹೀಗೆ ಸಿಕ್ಕಿದ್ರೆ ಪದಕ ಕೊಡ್ತಿದ್ರು. ಈಗ ಮೀಸೆ ತುದಿ ಸರಿ ಬಂದಿಲ್ಲ ಅಂತ ಬೈತಾರೆ, ನಾನು ಕ್ಷಮಿಸಿ ಅಂತೀನಿ."

ನನ್ನದು ಇನ್ನೊಂದು ಥರ. ಯುದ್ಧ ಗೆದ್ದ ಮೇಲೆ ನಗರದಲ್ಲಿ ನಮ್ಮ ಮೆರವಣಿಗೆಯಿತ್ತು. ನಾನು ಬೂಟು ಒರೆಸಿ, ರೈಫಲ್ ಹೆಗಲಿಗೆ ಹಾಕಿ ಸಾಲಿನಲ್ಲಿ ನಿಂತೆ. ಮೆರವಣಿಗೆಯ ಸಮಿತಿಯ ಹಿರಿಯರೊಬ್ಬರು ಬಂದು ಮೆಲ್ಲಗೆ, "ನೀನು ನರ್ಸುಗಳ ಜೊತೆ ನಡೆಯಮ್ಮ, ತೋಳಿಗೆ ಬಿಳಿ ಪಟ್ಟಿ ಕಟ್ಟಿಕೋ. ಹುಡುಗರ ಜೊತೆ ಅಷ್ಟು ದಿನ ಗುಡ್ಡದಲ್ಲಿದ್ದಳು ಅಂತ ಜನ ಏನೇನೋ ಆಡ್ಕೋತಾರೆ" ಅಂದರು. ನನಗೆ ಗಾಯಕ್ಕೆ ಬಟ್ಟೆ ಕಟ್ಟಲೂ ಸರಿಯಾಗಿ ಬರುತ್ತಿರಲಿಲ್ಲ. ನಾನು ರೈಫಲ್ ಇಲಾರಿಯೊನ ಕೈಗೆ ಕೊಟ್ಟು, ರಸ್ತೆ ಬದಿಯಲ್ಲಿ ಜನರ ಜೊತೆ ನಿಂತು ನನ್ನದೇ ಮೆರವಣಿಗೆ ನೋಡಿದೆ. ಚಪ್ಪಾಳೆಯನ್ನೂ ತಟ್ಟಿದೆ. ಆಮೇಲೆ ರೇಷ್ಮೆ ಕಾರ್ಖಾನೆಗೆ ಸೇರಿದೆ. ಕುದಿಯುವ ನೀರಿನ ತೊಟ್ಟಿಯ ಮುಂದೆ ಕೂತು ಗೂಡುಗಳ ಎಳೆ ಹಿಡಿದು ರಾಟೆಗೆ ಹತ್ತಿಸುವ ಕೆಲಸ. ಬೆರಳು ಬೆಂದು ಬೆಳ್ಳಗಾಗುತ್ತಿದ್ದವು, ಸತ್ತ ಹುಳದ ವಾಸನೆ ಕೂದಲಿಗೆ ಅಂಟುತ್ತಿತ್ತು. ಮೇಲ್ವಿಚಾರಕಿ, "ಏನೇ, ಕನಸು ಕಾಣ್ತಿದೀಯಾ?" ಎಂದು ಗದರಿದರೆ ನನ್ನ ಕೈ ಸೊಂಟದ ಕಡೆ ಹೋಗುತ್ತಿತ್ತು. ಅಲ್ಲಿ ಏಪ್ರನ್ನಿನ ಗಂಟು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಬ್ರೆಡ್ ಅಂಗಡಿಯ ವಿಷಯ ಇಲಾರಿಯೊನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕೊನೆಗೆ ಕಮ್ಮಾರಸಾಲೆಯ ಹಿತ್ತಲಿಗೆ ಹೋಗಿ ಹೇಳಿದೆ.

"ನಮಸ್ಕಾರ ಅಂದ್ಯಾ?" ಅಂದ ಇಲಾರಿಯೊ.

"ಅಂದೆ. ಯಾಕಂದೆ ಅಂತ ಗೊತ್ತಿಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನಗೂ ಹಾಗೇ ಆಯ್ತು. ಚರ್ಚಿನ ಹತ್ರ ಎದುರಿಗೆ ಬಂದ್ರು. ನಾನು ಟೋಪಿ ತೆಗೆದೆ" ಅಂದ.

ಭಾನುವಾರ ಬೆಳಗ್ಗೆ ರೆಮಿಜಿಯೊ ನಮ್ಮ ಬಾಗಿಲಿಗೆ ಬಂದ. "ಗಿಡುಗ ಕರೀತಾನೆ. ಮತ್ತೆ ಗುಡ್ಡಕ್ಕೆ."

"ಯಾಕೆ?"

"ಅದನ್ನ ಮೇಲೆ ಹೋದ ಮೇಲೆ ಹೇಳ್ತಾನಂತೆ. ಅವನಿಗೂ ಅಲ್ಲಿಗೆ ಹೋದ್ರೇ ಗೊತ್ತಾಗೋದು ಅಂತ ಕಾಣತ್ತೆ."

ನಾನು ಬೂಟು ಹಾಕಿಕೊಂಡೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಯುದ್ಧ ಮುಗೀತಲ್ಲೇ. ಈಗ ಯಾರ ಮೇಲೆ ಹೋಗ್ತೀಯ?" ಅವಳ ಪಕ್ಕದಿಂದ ನುಸುಳಿ ಹೊರಗೆ ಬಂದೆ. ನಿಜ ಹೇಳಬೇಕೆಂದರೆ, ದಾರಿ ಏರತೊಡಗಿ ಕಾಲಿನ ಸ್ನಾಯು ಬಿಗಿಯಾದಾಗ, ವರ್ಷದಿಂದ ಕಟ್ಟಿಹೋಗಿದ್ದ ಉಸಿರು ಬಿಟ್ಟ ಹಾಗಾಯಿತು. ರೆಮಿಜಿಯೊ ಏದುಸಿರು ಬಿಡುತ್ತಾ ಹಾಡುತ್ತಿದ್ದ. ಚೆಸ್ಟ್‌ನಟ್ ಕಾಯಿ ಒಣಗಿಸುವ ಹಳೆಯ ಗುಡಿಸಿಲಿನ ನೆಲ ಅಗೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಹೂತಿದ್ದ ಬಂದೂಕುಗಳನ್ನು ತೆಗೆದೆವು. ಹತ್ತು ಹನ್ನೆರಡು ಜನ ಸೇರಿದ್ದೆವು. ಎಲ್ಲರ ಮುಖದಲ್ಲೂ ನಗು. ಒಬ್ಬರನ್ನೊಬ್ಬರು ಹಳೆಯ ಹೆಸರಿನಲ್ಲಿ ಕೂಗುತ್ತಿದ್ದೆವು. ಇಲಾರಿಯೊ ಗಿಡುಗನಾಗಿದ್ದ. "ನೀನು ಆ ಬಂಡೆ ಮೇಲೆ ಕಾವಲು. ನೀನು ನೀರು" ಎಂದು ತಡವರಿಸದೆ ಹೇಳುತ್ತಿದ್ದ.

ಮೊದಲ ಏಟು ಬಿದ್ದದ್ದು ಡೆಲ್ಫೀನಾ ಅಜ್ಜಿಯಿಂದ. ಯುದ್ಧದ ಕಾಲದಲ್ಲಿ ನಮಗೆ ಅನ್ನ ಹಾಕಿದವಳು ಅಜ್ಜಿ. ಅವಳ ಕೊಟ್ಟಿಗೆಯ ಹುಲ್ಲಿನಲ್ಲಿ ಒಂದು ಇಡೀ ಚಳಿಗಾಲ ಮಲಗಿದ್ದೆವು. ಅದಕ್ಕೆಂದೇ ಜರ್ಮನರು ಕೊಟ್ಟಿಗೆ ಸುಟ್ಟಿದ್ದರು. ಈಗ ಹೊಸ ಗೋಡೆ ಎದ್ದಿತ್ತು, ಕಲ್ಲುಚಪ್ಪಡಿಯ ಹೊಸ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ನಾವು ಅಂಗಳಕ್ಕೆ ಹೋದಾಗ ಅಜ್ಜಿ ಕೋಳಿಗಳಿಗೆ ಕಾಳು ಹಾಕುತ್ತಿದ್ದಳು. ಬಂದೂಕು ಕಂಡು ಏಪ್ರನ್ನಿನಲ್ಲಿದ್ದ ಕಾಳನ್ನೆಲ್ಲ ಒಂದೇ ಸಲ ನೆಲಕ್ಕೆ ಕೊಡವಿದಳು.

"ಅಜ್ಜೀ, ನಾವೇ" ಅಂದ ಇಲಾರಿಯೊ.

"ಕಣ್ಣು ಕಾಣತ್ತಪ್ಪ ನಂಗೆ. ಯಾರ್ ಬರ್ತಿದಾರೆ? ಜರ್ಮನರಾ?"

"ಯಾರೂ ಬರ್ತಿಲ್ಲ ಅಜ್ಜೀ. ಕಪ್ಪಂಗಿಯವರನ್ನೆಲ್ಲ ಬಿಟ್ಟುಬಿಟ್ರು. ಅದಕ್ಕೆ."

"ಅದಕ್ಕೆ ನನ್ನ ಕೊಟ್ಟಿಗೆ ಬೇಕಾ?" ಅಜ್ಜಿ ಹೋಗಿ ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಆವಾಗ ನೀವು ಬಂದ್ರೆ ನನ್ನ ಮಕ್ಕಳು ಬಂದ ಹಾಗಿತ್ತು. ಸುಟ್ಟಾಗಲೂ ನಾನು ಒಂದು ಮಾತು ಆಡಿದ್ನಾ? ಇಲ್ಲ. ಈಗ ಈ ಒಂದೊಂದು ಚಪ್ಪಡೀನೂ ನಾನೇ ಬೆನ್ನ ಮೇಲೆ ಹೊತ್ತು ತಂದಿದೀನಿ. ನನ್ನ ಅರ್ಥ ಮಾಡ್ಕೊಳ್ರಪ್ಪ. ಇವತ್ತು ನಿಮ್ಮನ್ನ ನೋಡಿದ್ರೆ ನಂಗೆ ಭಯ ಆಗತ್ತೆ."

ಜರ್ಮನರನ್ನು ಕಂಡಾಗಲೂ ಅಜ್ಜಿ ಹೆದರಿದ್ದನ್ನು ನಾವು ನೋಡಿರಲಿಲ್ಲ. ಅವಳು ಒಳಗೆ ಹೋಗಿ ಪೊಲೆಂತಾ ಎನ್ನುವ ಮೆಕ್ಕೆಜೋಳದ ಮುದ್ದೆಯನ್ನು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು ರೆಮಿಜಿಯೊನ ಕೈಯಲ್ಲಿಟ್ಟಳು. "ಇದನ್ನ ತಗೊಂಡು ಹೋಗಿ. ಬೇರೆ ಕಡೆ ಕೂತು ತಿನ್ನಿ." ನಾವು ಚೆಸ್ಟ್‌ನಟ್ ಗುಡಿಸಿಲಿಗೆ ವಾಪಸು ಬಂದೆವು. ಮುದ್ದೆ ಇನ್ನೂ ಬಿಸಿಯಾಗಿತ್ತು. ತಿನ್ನುವುದು ಸರಿಯೋ ತಪ್ಪೋ ತಿಳಿಯದೆ ಸ್ವಲ್ಪ ಹೊತ್ತು ಅದರ ಸುತ್ತ ಕೂತಿದ್ದು, ಆಮೇಲೆ ತಿಂದೆವು.

ಸುದ್ದಿ ಕಣಿವೆಗೆಲ್ಲ ಹಬ್ಬಿತು. ಮಾರನೇ ದಿನ ಕೆಳಗಿನಿಂದ ಜನ ಬರತೊಡಗಿದರು. ಕೆಲವರು ವೈನ್ ತಂದರು, ಕೆಲವರು ಸುಮ್ಮನೆ ನೋಡಲು ಬಂದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು, ನೆರಳಿನಲ್ಲಿ ಹಚ್ಚಡ ಹಾಸಿ, ವಿಹಾರಕ್ಕೆ ಬಂದವರ ಹಾಗೆ ಕೂತರು. ಬಂಡೆಯ ಮೇಲೆ ಕಾವಲಿಗಿದ್ದ ನನ್ನನ್ನು ಒಂದು ಮಗು ಕೇಳಿತು: "ಅಕ್ಕಾ, ಏನ್ ಕಾಯ್ತಿದೀಯ?" ನಾನು ಕಣಿವೆಯ ಕಡೆ ಕೈ ತೋರಿಸಿದೆ. ಅಲ್ಲಿ ಜನ ಹುಲ್ಲು ಕೊಯ್ಯುತ್ತಿದ್ದರು.

ಮಧ್ಯಾಹ್ನ ಠಾಣೆಯ ದಫೇದಾರ ಬೆವರು ಒರೆಸಿಕೊಳ್ಳುತ್ತಾ, ಬಂದೂಕಿಲ್ಲದೆ, ಒಬ್ಬನೇ ಹತ್ತಿ ಬಂದ. ನೀರು ಕೇಳಿ ಕುಡಿದು, "ಮೇಲಿನವರು ಕೇಳ್ತಿದಾರಪ್ಪ, ನಿಮ್ಮ ಬೇಡಿಕೆ ಏನು ಅಂತ. ಹೇಳಿ, ಹೋಗಿ ಮುಟ್ಟಿಸ್ತೀನಿ" ಅಂದ.

ನಾವು ಒಳಗೆ ಸೇರಿದೆವು. ಒಬ್ಬ ಕೆಲಸ ಬೇಕು ಅಂದ. ಒಬ್ಬ ಕಪ್ಪಂಗಿಯವರನ್ನು ಮತ್ತೆ ಜೈಲಿಗೆ ಹಾಕಲಿ ಅಂದ. ಇನ್ನೊಬ್ಬ ತಮ್ಮನ ಗೋರಿಗೆ ಕಲ್ಲು ಹಾಕಿಸಿಕೊಡಲಿ ಅಂದ. ನನ್ನನ್ನು ಕೇಳಿದರು. ಮೆರವಣಿಗೆ ಇನ್ನೊಂದು ಸಲ ಆಗಬೇಕು ಎಂದು ನಾಲಗೆ ತುದಿಗೆ ಬಂತು. ನನಗೇ ನಾಚಿಕೆಯಾಗಿ, "ನೀವು ಹೇಳಿದ್ದೇ ನಂದೂ" ಅಂದೆ. ರೆಮಿಜಿಯೊ, "ಬರೀರಪ್ಪ, ಬಿಷಪ್ಪನ ಹೊಟ್ಟೆಗೆ ತಕ್ಕ ಅಂಗಿ" ಅಂದ. ಯಾರೂ ನಗಲಿಲ್ಲ. ಎಲ್ಲರೂ ಇಲಾರಿಯೊನ ಮುಖ ನೋಡಿದೆವು. ಅವನ ಹಣೆಯ ಮೇಲೆ ಸಂತೆಯಲ್ಲಿ ಕಂಡ ಅದೇ ಬೆವರು. "ನಾಳೆ ಹೇಳ್ತೀವಿ ಅಂತ ಹೇಳಿ ದಫೇದಾರರೇ" ಎಂದುಬಿಟ್ಟ.

ಮರುದಿನ ಬೆಳಗ್ಗೆ ಅವನು ಇಬ್ಬರನ್ನು ಕರೆದುಕೊಂಡು ಹೇಳದೆ ಇಳಿದುಹೋದ. ವಾಪಸು ಬಂದಾಗ ಅವರ ನಡುವೆ ಬ್ರೆಸ್ಸಾನೊ ಮೇಷ್ಟ್ರಿದ್ದರು. ಮನೆಯಲ್ಲಿ ಹಾಕಿಕೊಳ್ಳುವ ಬಟ್ಟೆಯ ಚಪ್ಪಲಿಯಲ್ಲೇ ಗುಡ್ಡ ಹತ್ತಿಸಿದ್ದರು. ಒಂದು ಚಪ್ಪಲಿ ಹರಿದು ಬೆರಳು ಹೊರಗೆ ಬಂದಿತ್ತು. ಅವರು ಗುಡಿಸಿಲ ಮುಂದಿನ ಕಲ್ಲಿನ ಮೇಲೆ ಕೂತು ಉಸಿರಿಗಾಗಿ ಒದ್ದಾಡಿದರು. ನಾನು ನೀರು ಕೊಟ್ಟೆ. ಬಟ್ಟಲು ಕೊಡುವಾಗ ಎರಡೂ ಕೈ ಚಾಚಿದ್ದೆನೆಂದು ಆಮೇಲೆ ಗಮನಕ್ಕೆ ಬಂತು.

"ವಿಚಾರಣೆ ಮಾಡ್ಬೇಕು" ಅಂದ ಇಲಾರಿಯೊ.

ಇದು ನಮಗೆ ಹೊಸದಲ್ಲ. ಯುದ್ಧದಲ್ಲಿ ಇದೇ ಗುಡಿಸಿಲ ಮುಂದೆ ಒಬ್ಬ ಬೇಹುಗಾರನನ್ನು ವಿಚಾರಿಸಿ, ಆ ಕೊನೆಯ ಮರದ ಕೆಳಗೆ ಗುಂಡಿಕ್ಕಿದ್ದೆವು. ಅವತ್ತು ಕಾನೂನು ನಾವೇ. ಬೇರೆ ಕಾನೂನು ಇರಲಿಲ್ಲ. ಹಾಗಾಗಿ ಕಷ್ಟವೂ ಇರಲಿಲ್ಲ. ಈಗ ಮೇಷ್ಟ್ರು ಉಸಿರು ಸುಧಾರಿಸಿಕೊಂಡು, "ನನ್ನನ್ನು ಕೋರ್ಟು ವಿಚಾರಿಸಿದೆಯಪ್ಪ. ಶಿಕ್ಷೆ ಕೊಟ್ಟಿದ್ದೂ ಅವರೇ, ಬಿಟ್ಟಿದ್ದೂ ಅವರೇ. ನಾನು ಬಿಡಿ ಅಂತ ಕೇಳಿರಲಿಲ್ಲ" ಅಂದರು.

"ನಾವೂ ಕೇಳಿರಲಿಲ್ಲ" ಅಂದ ಇಲಾರಿಯೊ. ಮುಂದೇನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಎಲ್ಲರೂ ನಿಂತೇ ಇದ್ದೆವು. ಕ್ಲಾಸಿನಲ್ಲಿ ಪಾಠ ಒಪ್ಪಿಸಲು ಬಾರದೆ ನಿಂತ ಹಾಗೆ.

ನಾನು ಕೇಳಿದೆ. "ಮೇಷ್ಟ್ರೇ, ಅವತ್ತು ಎಜಿದಿಯೊನಿಗೆ ಏನು ಕೇಳಿದ್ರು? ಅವನು ಏನಂದ? ನೀವೇನಂದ್ರಿ?"

ಅವರು ನನ್ನ ಕಡೆ ನೋಡಿದರು. "ಇದನ್ನ ಕೋರ್ಟಿನಲ್ಲಿ ಯಾರೂ ಕೇಳ್ಲಿಲ್ಲ" ಅಂದರು. ಬಟ್ಟಲು ಪಕ್ಕಕ್ಕಿಟ್ಟು ಹೇಳಿದರು. "ಅಧಿಕಾರಿ ಹೆಸರು ಕೇಳಿದ, ಹುಡುಗ ಹೇಳಿದ. ಊರು ಕೇಳಿದ, ಹೇಳಿದ. ವಯಸ್ಸು ಕೇಳಿದ. ಹುಡುಗ ಹದಿನಾರು ಅಂದ. ನಾನು ಹದಿನಾರು ಅಂತ ಜರ್ಮನ್‌ನಲ್ಲಿ ಹೇಳಿದೆ. ಅಧಿಕಾರಿ ಹುಡುಗನನ್ನ ನೋಡಿ, ನನ್ನನ್ನ ನೋಡಿ, ಇದು ಸರಿಯಾ ಅಂತ ಕೇಳಿದ. ನಾನು ಇಲ್ಲ, ಹದಿನೆಂಟು ಅಂದೆ."

ಹದಿನೇಳು ತುಂಬದವರನ್ನು ಜರ್ಮನರು ನೇಣು ಹಾಕುತ್ತಿರಲಿಲ್ಲ, ರೈಲು ಹತ್ತಿಸಿ ಜರ್ಮನಿಗೆ ಕೂಲಿಗೆ ಕಳಿಸುತ್ತಿದ್ದರು. ಹಾಗೆ ಹೋದವರಲ್ಲಿ ನಮ್ಮೂರಿನ ಇಬ್ಬರು ಬದುಕಿ ವಾಪಸು ಬಂದಿದ್ದರು. ಇದು ಆಗ ಊರಿಗೆಲ್ಲ ಗೊತ್ತಿದ್ದ ಮಾತು.

"ಯಾಕೆ ಅಂದ್ರಿ?" ಅಂದ ಇಲಾರಿಯೊ.

"ನಾನು ಅವನಿಗೆ ಪಾಠ ಹೇಳಿದವನು. ಹುಟ್ಟಿದ ವರ್ಷ ಗೊತ್ತಿತ್ತು. ಮೂವತ್ತು ವರ್ಷದಿಂದ ಮಕ್ಕಳ ತಪ್ಪು ಉತ್ತರ ತಿದ್ದಿದ ಬಾಯಿ ಇದು. ತಿದ್ದಿಬಿಡ್ತು." ಮೇಷ್ಟ್ರು ತಮ್ಮ ಹರಿದ ಚಪ್ಪಲಿಯನ್ನು ನೋಡುತ್ತಿದ್ದರು. "ಹದಿನೇಳರ ಆ ನಿಯಮ ನಿಮಗೆ ಗೊತ್ತಿರಲಿಲ್ವಾ ಅಂತ ಕೇಳ್ತೀಯ. ಗೊತ್ತಿತ್ತು. ಆ ಕ್ಷಣಕ್ಕೆ ನೆನಪಿತ್ತಾ ಇಲ್ವಾ ಅನ್ನೋದೇ ನನಗೆ ತಿಳಿಯದು. ಜೈಲಿನಲ್ಲಿ ಅದೊಂದನ್ನೇ ಯೋಚಿಸಿದೆ. ಕೆಲವು ದಿನ ನೆನಪಿತ್ತು ಅನ್ಸತ್ತೆ. ಕೆಲವು ದಿನ ಇರ್ಲಿಲ್ಲ ಅನ್ಸತ್ತೆ. ನೆನಪಿದ್ದು ಹೇಳಿದ್ರೆ ನಾನು ಕೊಲೆಗಾರ. ಇಲ್ದೆ ಹೇಳಿದ್ರೆ ಏನು ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಾದ್ರೆ ಹೇಳಿ."

ಅವರು ಸುಳ್ಳು ಹೇಳಿದ್ದರೆ ಸುಲಭವಾಗುತ್ತಿತ್ತು. ಕಾಲಿಗೆ ಬಿದ್ದಿದ್ದರೂ ಸುಲಭವಾಗುತ್ತಿತ್ತು. ನನ್ನ ತಲೆಯಲ್ಲಿ ಬ್ರೆಡ್ ಅಂಗಡಿಯ ಮುಂದೆ ನಾನೇ ಆಡಿದ ನಮಸ್ಕಾರ ಸುತ್ತುತ್ತಿತ್ತು. ಅದನ್ನು ಇದರ ಪಕ್ಕದಲ್ಲಿಟ್ಟು ತೂಗುವುದೇ ತಪ್ಪು ಎಂದು ಗೊತ್ತಿತ್ತು. ಆದರೂ ತಲೆಯಿಂದ ಹೋಗಲಿಲ್ಲ.

ಇಲಾರಿಯೊ ಪಿಸ್ತೂಲು ಹೊರಗೆ ತೆಗೆದಿದ್ದ. ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕೇಳಿದ. ಇಬ್ಬರು ಗುಂಡು ಹಾಕು ಅಂದರು. ಒಬ್ಬ ಬೇಡ ಅಂದ. ಉಳಿದವರು ತಲೆ ತಗ್ಗಿಸಿದರು. ರೆಮಿಜಿಯೊ, "ನನ್ನ ಕೇಳ್ಬೇಡ್ವೋ. ಶನಿವಾರ ಇವರ ಗಡ್ಡ ತೆಗೆದಿದೀನಿ" ಎಂದು ಅತ್ತ ತಿರುಗಿದ. ನನ್ನ ಸರದಿ ಬಂತು.

"ಅಳಿಲು?"

"ನನಗೆ ಗೊತ್ತಾಗ್ತಿಲ್ಲ."

"ಕಾಲುಚೀಲಕ್ಕೆ ಹೇಳಿದ್ಯಲ್ಲ."

"ಇದು ಗೊತ್ತಾಗ್ತಿಲ್ಲ ಕಣೋ."

ಅವನು ಆ ಕೊನೆಯ ಮರವನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಕೈಯಲ್ಲಿದ್ದುದನ್ನು ನೋಡಿದ. ಆಮೇಲೆ ಪಿಸ್ತೂಲನ್ನು ನನ್ನ ಕೈಯಲ್ಲಿಟ್ಟು, "ಇವರನ್ನ ಮನೆಗೆ ಬಿಟ್ಟು ಬಾ. ಒಬ್ಬರೇ ಇಳಿಯೋಕೆ ಆಗಲ್ಲ" ಎಂದು ಗುಡಿಸಿಲ ಒಳಗೆ ಹೋದ. ಅವನು ಅಳುತ್ತಿದ್ದನೋ ಏನೋ, ಯಾರೂ ಹಿಂದೆ ಹೋಗಲಿಲ್ಲ.

ಇಳಿಜಾರಿನಲ್ಲಿ ಮೇಷ್ಟ್ರು ನನ್ನ ತೋಳು ಹಿಡಿದುಕೊಂಡಿದ್ದರು. ಇನ್ನೊಂದು ಕಡೆಯ ಜೇಬಿನಲ್ಲಿ ಪಿಸ್ತೂಲು ತೊಡೆಗೆ ಬಡಿಯುತ್ತಿತ್ತು. ಒಂದು ಕಡೆ ಕಾಲು ಜಾರಿ ಅವರ ಇಡೀ ಭಾರ ನನ್ನ ಮೇಲೆ ಬಿತ್ತು. ಬಿಟ್ಟಿದ್ದರೆ ಹಳ್ಳಕ್ಕೆ ಉರುಳುತ್ತಿದ್ದರು. ಕೈ ತಾನಾಗಿ ಬಿಗಿಯಾಗಿ ಹಿಡಿಯಿತು. "ಕ್ಷಮಿಸಮ್ಮ" ಅಂದರು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಅವರ ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಅತ್ತು ಮುಖ ಊದಿತ್ತು. ನನ್ನನ್ನು ನೋಡಿ, ಯಾರು ಏನು ಎಂದು ಕೇಳದೆ, "ಒಳಗೆ ಬಾಮ್ಮ, ಕಾಫಿ ಕುಡಿದು ಹೋಗು" ಅಂದರು. ನಾನು ಬೇಡ ಎಂದು ತಿರುಗಿದೆ.

ಮೇಷ್ಟ್ರು ಯಾರಿಗೂ ಏನೂ ಹೇಳಲಿಲ್ಲ. ಗುಡ್ಡಕ್ಕೆ ಗಾಳಿ ಸೇವನೆಗೆ ಹೋಗಿದ್ದೆ ಅಂದರಂತೆ, ಬಟ್ಟೆಯ ಚಪ್ಪಲಿಯಲ್ಲಿ. ಎರಡು ದಿನ ಬಿಟ್ಟು ನಗರದಿಂದ ಒಬ್ಬರು ದೊಡ್ಡ ಮನುಷ್ಯರು ಕಾರಿನಲ್ಲಿ ಬಂದು, ನಮ್ಮೆಲ್ಲರ ಕೈ ಕುಲುಕಿ, ಎಲ್ಲವನ್ನೂ ಪರಿಶೀಲಿಸುತ್ತೇವೆ ಅಂದರು. ನಾವು ಏನು ಕೇಳಿದೆವೆಂದು ನಮಗೇ ಸ್ಪಷ್ಟವಾಗಿರಲಿಲ್ಲ. ಹಾಗಾಗಿ ಅವರು ಏನು ಪರಿಶೀಲಿಸಿದರೋ ತಿಳಿಯದು. ಬಂದೂಕು ಒಪ್ಪಿಸಿ ಇಳಿದೆವು. ಸೋಮವಾರ ಮೇಲ್ವಿಚಾರಕಿ ನನ್ನನ್ನು ನೋಡಿ, "ಜ್ವರ ಬಂದಿತ್ತಾ?" ಎಂದು ಕೇಳಿದಳು. ಅವಳಿಗೆ ಎಲ್ಲ ಗೊತ್ತಿತ್ತು. ನಾನು ಹೌದು ಅಂದೆ. ಅವಳು ನನ್ನ ತೊಟ್ಟಿಗೆ ಬಿಸಿನೀರು ಬಿಟ್ಟಳು.

ಅಕ್ಟೋಬರಿನ ಮೊದಲಲ್ಲಿ ಇಲಾರಿಯೊ ಬೆಲ್ಜಿಯಂಗೆ ಹೊರಟ. ಅಲ್ಲಿನ ಕಲ್ಲಿದ್ದಲು ಗಣಿಗೆ ನಮ್ಮ ಕಡೆಯ ಹುಡುಗರನ್ನು ರೈಲುಗಟ್ಟಲೆ ಕರೆಸಿಕೊಳ್ಳುತ್ತಿದ್ದರು. ನಾನು, ರೆಮಿಜಿಯೊ ಸ್ಟೇಷನ್ನಿಗೆ ಹೋದೆವು.

"ನೆಲದ ಕೆಳಗೆ ಎರಡೇ ಕಡೆ ದಾರಿ ಇರತ್ತಂತೆ," ಅಂದ ಇಲಾರಿಯೊ. "ಹೋಗೋದು, ಬರೋದು. ಅಷ್ಟು ನನ್ನ ಕೈಲಿ ಆಗತ್ತೆ."

"ಗಿಡುಗ ಹೋಗಿ ಹೆಗ್ಗಣ ಆಗ್ತಾನೆ" ಅಂದ ರೆಮಿಜಿಯೊ. ಈ ಸಲ ಇಲಾರಿಯೊ ನಕ್ಕ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಚೆಸಿರಾಗೆ ಹೇಳಿದ್ಯಾ?" ಎಂದು ಕೇಳಿದ. ಚೆಸಿರಾ ಎಜಿದಿಯೊನ ತಾಯಿ.

"ಇಲ್ಲ. ಹೇಳ್ಬೇಕಾ?"

"ಹೇಳ್ಬೇಕು ಅನ್ಸತ್ತೆ. ಬೇಡ ಅಂತಲೂ ಅನ್ಸತ್ತೆ." ರೈಲು ಕೂಗಿತು. ಅವನು ಮೆಟ್ಟಿಲು ಹತ್ತಿ, ಯಾವ ಕಡೆಯ ಡಬ್ಬಿಗೆ ಹೋಗಬೇಕೆಂದು ಒಂದು ಕ್ಷಣ ತಬ್ಬಿಬ್ಬಾಗಿ, ಹಿಂದಿನವರು ನೂಕಿದ ಕಡೆಗೆ ಹೋದ.

ಆ ವಾರವೇ ನಾನು ಚೆಸಿರಾ ಅವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಕೂತು ಒಣಗಿದ ಬೀನ್ಸ್ ಕಾಯಿ ಬಿಡಿಸುತ್ತಿದ್ದರು. ಕೂರು ಅಂದರು. ನಾನು ಒಂದು ಹಿಡಿ ಕಾಯಿ ತಗೊಂಡು ಬಿಡಿಸುತ್ತಾ, ಮೇಷ್ಟ್ರು ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಅಳುತ್ತಾರೆ, ಇಲ್ಲ ಶಾಲೆಯ ಕಡೆ ಓಡುತ್ತಾರೆ ಎಂದುಕೊಂಡಿದ್ದೆ.

ಚೆಸಿರಾ ಅವರ ಕೈ ನಿಂತಿತು. "ಹದಿನಾರು ಅಂದ್ನಾ?"

"ಹೌದು."

"ಅವನು ಯಾವತ್ತೂ ವಯಸ್ಸು ಜಾಸ್ತಿ ಹೇಳೋನು. ಹದಿನೈದಕ್ಕೇ ಹದಿನೆಂಟು ಅಂತ ಹೇಳಿ ವೈನ್ ಕುಡಿದು ಬಂದಿದ್ದ. ನಿಮ್ಮ ಹತ್ರ ಬಂದಾಗಲೂ ಇಪ್ಪತ್ತು ಅಂದಿರ್ಬೇಕು."

"ಅಂದಿದ್ದ."

"ಅವತ್ತು ಹದಿನಾರು ಅಂದ್ನಾ?" ಮತ್ತೆ ಕೇಳಿದರು. ಅವರ ಮುಖದಲ್ಲಿ ಆದದ್ದು ದುಃಖವೋ ಮತ್ತೇನೋ, ನಾನು ಇವತ್ತಿಗೂ ಹೇಳಲಾರೆ. "ಎಲ್ಲರೂ ಬಂದು ನಿನ್ನ ಮಗ ನಗ್ತಾ ಹೋದ ಅಂದ್ರು. ಗೋರಿ ಕಲ್ಲಿನ ಮೇಲೂ ಹಾಗೇ ಕೆತ್ತಿಸಿದಾರೆ, ನಿರ್ಭಯವಾಗಿ ಅಂತ. ನಂಗೆ ಅದೇ ತಿಳೀತಿರಲಿಲ್ಲ. ಅಮ್ಮನ್ನ ಬಿಟ್ಟು ಹೋಗೋವಾಗ ನಗು ಯಾಕೆ ಅಂತ. ನಂಗೆ ಗೊತ್ತಿಲ್ಲದ ಯಾವುದೋ ಹುಡುಗನ ವಿಷಯ ಹೇಳ್ತಿದ್ದ ಹಾಗಿರ್ತಿತ್ತು." ಅವರು ಏಪ್ರನ್ನಿನ ಕಾಳುಗಳನ್ನು ಬುಟ್ಟಿಗೆ ಸುರಿದು ಎದ್ದರು. "ಅಂದ್ರೆ ಬದುಕ್ಬೇಕು ಅಂತ ಇತ್ತು ಅವನಿಗೆ."

"ಮೇಷ್ಟ್ರ ವಿಷಯ ಏನ್ ಮಾಡ್ತೀರಮ್ಮ?" ಎಂದೆ.

"ಅವರ ಮನೆಗೆ ಹೋಗ್ತೀನಿ. ನೀನೂ ಬಾ."

ದಾರಿಯುದ್ದಕ್ಕೂ ಅವರ ಏಪ್ರನ್ನಿನ ಜೇಬನ್ನೇ ನೋಡುತ್ತಿದ್ದೆ. ಅದರಲ್ಲಿ ಚಾಕು ಇದೆಯೋ, ಇದ್ದರೆ ತಡೆಯಬೇಕೋ ಬಿಡಬೇಕೋ, ಒಂದೂ ತಿಳಿಯಲಿಲ್ಲ. ಮೇಷ್ಟ್ರೇ ಬಾಗಿಲು ತೆಗೆದರು. ಚೆಸಿರಾ ಹೊಸಲಿನ ಹೊರಗೇ ನಿಂತು ಕೇಳಿದರು.

"ಮೇಷ್ಟ್ರೇ, ಅವನು ಹದಿನಾರು ಅಂದದ್ದನ್ನ ಕಿವಿಯಾರೆ ಕೇಳಿದವರು ನೀವೊಬ್ಬರೇ. ಹೇಗಂದ? ಅವನು ಅಂದ ಹಾಗೇ ಅಂದು ತೋರಿಸಿ."

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಚೆಸಿರಾ ಒಳಗೆ ಹೋದರು. ಬಾಗಿಲು ಮುಚ್ಚಿತು.

ನಾನು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಮೊದಲು ಏನೂ ಕೇಳಲಿಲ್ಲ. ಆಮೇಲೆ ಮೇಷ್ಟ್ರ ದನಿ ಕೇಳಿತು, ತೀರಾ ಸಣ್ಣಗೆ. ಒಂದೇ ಮಾತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ಚೆಸಿರಾ ಇನ್ನೊಂದು ಸಲ ಹೇಳಿ ಎನ್ನುತ್ತಿದ್ದರೆಂದು ಕಾಣುತ್ತದೆ. ಕಾರ್ಖಾನೆಯ ಮಧ್ಯಾಹ್ನದ ಪಾಳಿಯ ಸಿಳ್ಳೆ ಕೇಳಿಸಿತು. ಏಳಬೇಕೋ ಕಾಯಬೇಕೋ ಎಂದು ಯೋಚಿಸುತ್ತಾ ಅಲ್ಲೇ ಕೂತಿದ್ದೆ.